ರೈಸ್ ಮಿಲ್ ಸರ್ವರ್‌ನಲ್ಲಿ ಎರಡು ಡಿಸ್ಕ್ ಹೋಗಿವೆ: ರೇಡ್ ಕಾರ್ಡ್ ಕಮಾಂಡ್‌ಗಳಲ್ಲಿ ಯಾವುದು ಮೊದಲು, ಯಾವುದು ಬೇಡ?

ಗಂಗಾವತಿ ಕಣಜ
ಸೋಮವಾರ, ಬೆಳಗ್ಗೆ 9:40

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್‌ನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ವೇ ಬ್ರಿಜ್ ತೂಕ, ರೈತರ ಲೆಕ್ಕ, ಬಿಲ್ಲು ಎಲ್ಲಾ ಒಂದೇ ಸರ್ವರ್‌ನಲ್ಲಿದೆ. ಲಿನಕ್ಸ್ ಬೇರೆ ಸಣ್ಣ ಎಸ್‌ಎಸ್‌ಡಿಯಲ್ಲಿದೆ. ಡೇಟಾ ಮಾತ್ರ ರೇಡ್ ಕಾರ್ಡ್ (ಹಲವು ಡಿಸ್ಕನ್ನು ಒಂದಾಗಿ ಸೇರಿಸಿ ನಡೆಸುವ ಕಾರ್ಡ್) ಮೇಲೆ. 4 ಟಿಬಿಯ 4 ಡಿಸ್ಕ್, ರೇಡ್ 5.

ಶನಿವಾರ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯ್ತು. ಯುಪಿಎಸ್ ಹತ್ತು ನಿಮಿಷವೂ ತಡೆಯಲಿಲ್ಲ. ಭಾನುವಾರ ಬೆಳಗ್ಗೆ ಕರೆಂಟ್ ಬಂದು ಸರ್ವರ್ ಶುರುವಾದ ಮೇಲೆ ಒಂದೇ ಸಮ ಬೀಪ್ ಅಂತ ಕೂಗುತ್ತಿತ್ತಂತೆ. ನಾನು ಊರಲ್ಲಿರಲಿಲ್ಲ. ಆಫೀಸಿನ ಹುಡುಗ ಗಾಬರಿಯಾಗಿ, ಯಾವುದು ಕೆಟ್ಟಿದೆ ನೋಡೋಣ ಅಂತ ಕೊನೆಯ ಡಿಸ್ಕನ್ನು ಹೊರಗೆ ಎಳೆದು ಮತ್ತೆ ಒಳಗೆ ತಳ್ಳಿದ್ದಾನೆ. ಆಗಿನಿಂದ ಡೇಟಾ ಕಾಣುತ್ತಿಲ್ಲ. ಅವನು ಸರ್ವರ್ ಆಫ್ ಮಾಡಿ ನನಗೆ ಫೋನ್ ಮಾಡಿದ.

ಇವತ್ತು ಬಂದು ಆನ್ ಮಾಡಿದೆ. ಬೂಟ್ ಆಗುವಾಗ ಫಾರಿನ್ ಕಾನ್ಫಿಗರೇಶನ್ ಸಿಕ್ಕಿದೆ, ಸಿ ಒತ್ತಿ ಇಲ್ಲಾ ಎಫ್ ಒತ್ತಿ ಅಂತ ಬಂತು. ಎರಡನ್ನೂ ಒತ್ತದೆ ಬೇರೆ ಕೀ ಒತ್ತಿ ಮುಂದೆ ಬಂದೆ. ಆ ಕಾರ್ಡ್‌ಗೆ ಕಮಾಂಡ್ ಕೊಡುವ ಸ್ಟಾರ್‌ಸಿಎಲ್‌ಐ ಟೂಲ್ ಹಾಕಿಕೊಂಡಿದ್ದೇನೆ. ಹೆಲ್ಪ್ ತೆಗೆದರೆ ಪುಟಗಟ್ಟಲೆ ಬರುತ್ತದೆ, ತಲೆ ಬುಡ ಗೊತ್ತಾಗುತ್ತಿಲ್ಲ. ಗೊತ್ತಿರುವವರೊಬ್ಬರು ಫೋನಲ್ಲಿ ಹೇಳಿದರು: ಫಾರಿನ್ ಡಿಲೀಟ್ ಮಾಡಿ ಅದೇ ಥರ ರೇಡ್ 5 ಮತ್ತೆ ಮಾಡು, ಡೇಟಾ ಹಾಗೇ ಇರುತ್ತೆ ಅಂತ. ಮಾಡಲಾ? ಬೇಸಿಗೆ ಬೆಳೆಯ ಕೊಯ್ಲು ನಡೀತಿದೆ. ಗೇಟ್ ಹೊರಗೆ ಭತ್ತದ ಟ್ರ್ಯಾಕ್ಟರ್ ಸಾಲಾಗಿ ನಿಂತಿವೆ. ಬ್ಯಾಕಪ್ 11 ದಿನ ಹಳೆಯದು.

ಬಳ್ಳಾರಿ ಬಿಸಿಲು
ಸೋಮವಾರ, ಬೆಳಗ್ಗೆ 9:52

ತಮ್ಮಾ, ಮೊದಲು ಕೀಬೋರ್ಡ್‌ನಿಂದ ಕೈ ತೆಗಿ. ಫೋನಲ್ಲಿ ಹೇಳಿದ್ದನ್ನು ಮಾಡಬೇಡ. ಡಿಲೀಟ್ ಮಾಡಿ ಮತ್ತೆ ಕಟ್ಟುವುದು ಬೇರೆ ಎಲ್ಲ ದಾರಿ ಮುಚ್ಚಿದ ಮೇಲಿನ ಕೆಲಸ. ಡಿಸ್ಕ್‌ಗಳ ಕ್ರಮ, ಸ್ಟ್ರಿಪ್ ಸೈಜ್ (ಒಂದೊಂದು ಡಿಸ್ಕ್‌ಗೆ ಹಂಚುವ ತುಂಡಿನ ಅಳತೆ) ಒಂದು ಕೂದಲಷ್ಟು ತಪ್ಪಿದರೂ, ಇಲ್ಲಾ ಇನಿಶಿಯಲೈಸ್ ಶುರುವಾದರೂ, ಉಳಿದಿದ್ದೂ ಹೋಗುತ್ತೆ. ನಿನ್ನ ಡೇಟಾ ಇನ್ನೂ ಡಿಸ್ಕ್ ಮೇಲೆ ಇದೆ. ನೀನು ಬೂಟ್‌ನಲ್ಲಿ ಸಿ, ಎಫ್ ಎರಡನ್ನೂ ಒತ್ತದೆ ಬಂದಿದ್ದು ತುಂಬಾ ಒಳ್ಳೆಯದಾಯ್ತು.

ಹೆಲ್ಪ್ ನೋಡಿ ಹೆದರಬೇಡ. ಅದು ನಮ್ಮ ಅಂಚೆ ವಿಳಾಸದ ಹಾಗೆ. ಜಿಲ್ಲೆ, ಊರು, ಓಣಿ, ಮನೆ. /ಸಿ0 ಅಂದರೆ ಮೊದಲ ಕಾರ್ಡ್. /ಇ252 ಅಂದರೆ ಆ ಕಾರ್ಡಿನ ಡಿಸ್ಕ್ ಪೆಟ್ಟಿಗೆ. /ಎಸ್3 ಅಂದರೆ ಆ ಪೆಟ್ಟಿಗೆಯ 3ನೇ ಸ್ಲಾಟ್. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ನಾಲ್ಕನೇ ಡಿಸ್ಕ್ ಎಸ್3. ಕಾರ್ಡ್ ಕಟ್ಟಿಕೊಟ್ಟ ದೊಡ್ಡ ಡಿಸ್ಕ್ /ವಿ0. ಬೇರೆ ಕಡೆಯದು ಅಂತ ಕಾರ್ಡ್ ಅಂದುಕೊಂಡ ಸಂರಚನೆ /ಎಫ್. ಎಲ್ಲವನ್ನೂ ನೋಡಬೇಕಾದರೆ ನಂಬರ್ ಜಾಗದಲ್ಲಿ ಆಲ್. ವಿಳಾಸ ಆದಮೇಲೆ ಒಂದು ಕ್ರಿಯಾಪದ ಬರುತ್ತೆ. ಅಲ್ಲಿ ಶೋ ಇದ್ದರೆ ಓದುತ್ತೆ ಅಷ್ಟೇ, ಏನನ್ನೂ ಬದಲಿಸಲ್ಲ. ಸೆಟ್, ಸ್ಟಾರ್ಟ್, ಆಡ್, ಡೆಲ್, ಇಂಪೋರ್ಟ್ ಇದ್ದರೆ ಬದಲಿಸುತ್ತೆ. ಇವತ್ತು ಮಧ್ಯಾಹ್ನದವರೆಗೆ ಶೋ ಬಿಟ್ಟು ಬೇರೆ ಪದ ಟೈಪ್ ಮಾಡಬೇಡ.

ಇವನ್ನು ಒಂದೊಂದಾಗಿ ಹೊಡೆದು, ಬಂದಿದ್ದನ್ನು ಇಲ್ಲಿ ಹಾಕು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀನು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಟೈಪ್ ಮಾಡು.

ಸ್ಟಾರ್‌ಸಿಎಲ್‌ಐ64 /ಸಿ0 ಶೋ ಆಲ್
ಸ್ಟಾರ್‌ಸಿಎಲ್‌ಐ64 /ಸಿ0/ಇಆಲ್/ಎಸ್ಆಲ್ ಶೋ
ಸ್ಟಾರ್‌ಸಿಎಲ್‌ಐ64 /ಸಿ0/ವಿಆಲ್ ಶೋ ಆಲ್
ಸ್ಟಾರ್‌ಸಿಎಲ್‌ಐ64 /ಸಿ0 ಶೋ ಪ್ರಿಸರ್ವ್ಡ್‌ಕ್ಯಾಶ್
ಸ್ಟಾರ್‌ಸಿಎಲ್‌ಐ64 /ಸಿ0 ಶೋ ಈವೆಂಟ್ಸ್ ಫೈಲ್=ಈವೆಂಟ್ಸ್.ಟಿಎಕ್ಸ್‌ಟಿ

ಕೊನೆಯದು ಎಲ್ಲಕ್ಕಿಂತ ಮುಖ್ಯ. ಯಾವ ಡಿಸ್ಕ್ ಮೊದಲು ಹೋಯ್ತು, ಯಾವುದು ಆಮೇಲೆ ಅನ್ನೋದು ಅದರಲ್ಲಿ ಸಮಯದ ಸಮೇತ ಇರುತ್ತೆ.

ಸಂಡೂರು ಧೂಳು
ಸೋಮವಾರ, ಬೆಳಗ್ಗೆ 10:05

ಇಲ್ಲೊಂದು ಸೇರಿಸುತ್ತೇನೆ. ಮೊದಲು ಬೀಪ್ ನಿಲ್ಲಿಸಿಕೊಳ್ಳಿ. ಆ ಸದ್ದಿಗೆ ಮನುಷ್ಯ ಅವಸರ ಮಾಡುತ್ತಾನೆ, ತಪ್ಪು ಆಗೋದು ಅಲ್ಲೇ. /ಸಿ0 ಸೆಟ್ ಅಲಾರ್ಮ್=ಸೈಲೆನ್ಸ್. ಸೆಟ್ ಅಂತ ಇದ್ದರೂ ಇದು ಡಿಸ್ಕ್ ಮುಟ್ಟಲ್ಲ, ಈಗಿನ ಸದ್ದನ್ನು ಮಾತ್ರ ನಿಲ್ಲಿಸುತ್ತೆ. ಆಫ್ ಅಂತ ಮಾತ್ರ ಕೊಡಬೇಡಿ, ಕೊಟ್ಟರೆ ಮುಂದಿನ ಸಲ ಡಿಸ್ಕ್ ಹೋದಾಗ ಕೂಗೋದೇ ಇಲ್ಲ.

ಗಂಗಾವತಿ ಕಣಜ
ಸೋಮವಾರ, ಬೆಳಗ್ಗೆ 10:48

ಅಣ್ಣಾ, ಬಂದಿದ್ದನ್ನು ಕನ್ನಡದಲ್ಲಿ ಬರೀತೀನಿ.

252:0 ಆನ್‌ಲೈನ್, ಡಿಜಿ ಕಾಲಮ್‌ನಲ್ಲಿ 0
252:1 ಆನ್‌ಲೈನ್, ಡಿಜಿ 0
252:2 ಯುಬ್ಯಾಡ್, ಡಿಜಿ ಜಾಗದಲ್ಲಿ ಗೆರೆ
252:3 ಯುಗುಡ್, ಡಿಜಿ ಜಾಗದಲ್ಲಿ ಎಫ್

ವಿ0: ರೇಡ್ 5, ಆಫ್‌ಲೈನ್, ಕ್ಯಾಶ್ ಕಾಲಮ್‌ನಲ್ಲಿ ಆರ್, ಎ, ಡಬ್ಲ್ಯೂ, ಬಿ, ಡಿ ಅಂತ ಐದು ಅಕ್ಷರ. ಸೈಜ್ 10.914 ಟಿಬಿ. 12 ಇರಬೇಕಲ್ವಾ? ಅದೂ ಕಳೆದುಹೋಯ್ತಾ?

ಪ್ರಿಸರ್ವ್ಡ್ ಕ್ಯಾಶ್: ಏನೂ ಇಲ್ಲ.

ಈವೆಂಟ್ ಫೈಲ್‌ನಲ್ಲಿ ಭಾನುವಾರ ಬೆಳಗ್ಗೆ 7:12ಕ್ಕೆ ಸ್ಲಾಟ್ 2ರಲ್ಲಿ ಓದುವ ದೋಷ ಮೇಲಿಂದ ಮೇಲೆ, ಆಮೇಲೆ ಫೇಲ್ಡ್. 8:05ಕ್ಕೆ ಸ್ಲಾಟ್ 3 ತೆಗೆಯಲಾಗಿದೆ. 8:06ಕ್ಕೆ ಸ್ಲಾಟ್ 3 ಹಾಕಲಾಗಿದೆ.

ಬಳ್ಳಾರಿ ಬಿಸಿಲು
ಸೋಮವಾರ, ಬೆಳಗ್ಗೆ 11:10

ಭೇಷ್. ಯುಬ್ಯಾಡ್ ಅಂದರೆ ಕೆಟ್ಟಿದೆ ಅಂತ, ಯುಗುಡ್ ಅಂದರೆ ಚೆನ್ನಾಗಿದೆ ಆದರೆ ಗುಂಪಿನ ಹೊರಗಿದೆ ಅಂತ. ಡಿಜಿ ಅಂದರೆ ಡಿಸ್ಕ್‌ಗಳ ಗುಂಪು, ಅಲ್ಲಿ ಎಫ್ ಇದ್ದರೆ ಫಾರಿನ್. ಪ್ರಿಸರ್ವ್ಡ್ ಕ್ಯಾಶ್ ಅಂದರೆ ಡಿಸ್ಕ್‌ಗೆ ಹೋಗದೆ ಕಾರ್ಡಿನ ಮೆಮೊರಿಯಲ್ಲಿ ಉಳಿದದ್ದು. ಸೈಜ್ ಬಗ್ಗೆ ಚಿಂತೆ ಬೇಡ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಈ ಟೂಲ್ 1024ರ ಲೆಕ್ಕ ಹಿಡಿಯುತ್ತೆ. ನಾಲ್ಕರಲ್ಲಿ ಒಂದು ಡಿಸ್ಕ್‌ನಷ್ಟು ಜಾಗ ಪ್ಯಾರಿಟಿಗೆ (ಕಳೆದ ಡಿಸ್ಕ್‌ನ ಡೇಟಾ ಲೆಕ್ಕ ಹಾಕಿ ತರುವ ಮಾಹಿತಿಗೆ) ಹೋಗಿ ಮೂರು ಉಳಿಯುತ್ತೆ. 12 ಅನ್ನೋದೇ 10.914 ಆಗಿ ಕಾಣುತ್ತಿದೆ.

ಈಗ ಈವೆಂಟ್ ಫೈಲ್ ಏನು ಹೇಳುತ್ತಿದೆ ನೋಡು. 7:12ಕ್ಕೆ ಸ್ಲಾಟ್ 2 ಹೋಯ್ತು. ರೇಡ್ 5 ಒಂದು ಡಿಸ್ಕ್ ಇಲ್ಲದಿದ್ದರೂ ನಡೆಯುತ್ತೆ, ಹಾಗಾಗಿ ಸರ್ವರ್ ನಡೆಯುತ್ತಲೇ ಇತ್ತು. 8:05ಕ್ಕೆ ಹುಡುಗ ಎಳೆದಿದ್ದು ಚೆನ್ನಾಗಿದ್ದ ಸ್ಲಾಟ್ 3. ಎರಡನೆಯದು ಹೋದ ಕೂಡಲೇ ವಿ0 ಆಫ್‌ಲೈನ್. ನಡುವೆ 53 ನಿಮಿಷ. ಆ 53 ನಿಮಿಷ ಬರೆದಿದ್ದೆಲ್ಲ 0, 1, 3ರ ಮೇಲೆ ಮಾತ್ರ ಬಿದ್ದಿದೆ. ಸ್ಲಾಟ್ 2ರಲ್ಲಿ ಇರೋದು 7:12ರ ಹಳೇ ಚಿತ್ರ.

ಅಂದರೆ ವಾಪಸ್ ತರಬೇಕಾದ್ದು ಸ್ಲಾಟ್ 3, ಸ್ಲಾಟ್ 2 ಅಲ್ಲ. ಸೆಟ್ ಆನ್‌ಲೈನ್ ಅಂತ ಒಂದು ಕಮಾಂಡ್ ಇದೆ. ಗುಂಪಿನಿಂದ ಹೊರಬಿದ್ದ ಡಿಸ್ಕನ್ನು ಬಲವಂತವಾಗಿ ಒಳಗೆ ಎಳೆದುಕೊಳ್ಳುತ್ತೆ. ಅದನ್ನು ಸ್ಲಾಟ್ 2ಕ್ಕೆ ಹೊಡೆದರೆ ವಿ0 ಚೆನ್ನಾಗಿ ಎದ್ದು ಕೂತ ಹಾಗೆ ಕಾಣುತ್ತೆ. ಆದರೆ ಒಳಗೆ ಹಳೆಯದೂ ಹೊಸದೂ ಕಲಸಿ ಹೋಗಿರುತ್ತೆ. ಭತ್ತದಲ್ಲಿ ಕಲ್ಲು ಬೆರೆತ ಹಾಗೆ, ಆಮೇಲೆ ಆರಿಸೋಕೆ ಆಗಲ್ಲ. ಈ ತಪ್ಪನ್ನು ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಒಂದು ಲೆಕ್ಕಪತ್ರದ ಆಫೀಸಿನಲ್ಲಿ. ಮೂರು ದಿನ ಎಲ್ಲಾ ಸರಿ ಇದೆ ಅಂತ ಕೆಲಸ ಮಾಡಿದರು, ನಾಲ್ಕನೇ ದಿನ ಡೇಟಾಬೇಸ್ ತೆರೆಯಲೇ ಇಲ್ಲ.

ಮುಂದಿನ ಹೆಜ್ಜೆ: ಸ್ಲಾಟ್ 2 ಯಾವುದು ಅಂತ ಗುರುತು ಹಾಕಿಕೊ. ಊಹೆ ಬೇಡ, ದೀಪ ಹಚ್ಚಿ ನೋಡು. ಸ್ಟಾರ್ಟ್ ಅಂತ ಇದ್ದರೂ ಇದು ದೀಪ ಮಾತ್ರ ಮಿನುಗಿಸುತ್ತೆ, ಡೇಟಾ ಮುಟ್ಟಲ್ಲ.

ಸ್ಟಾರ್‌ಸಿಎಲ್‌ಐ64 /ಸಿ0/ಇ252/ಎಸ್2 ಸ್ಟಾರ್ಟ್ ಲೊಕೇಟ್

ಸತ್ತ ಡಿಸ್ಕ್‌ನ ದೀಪ ಕೆಲವೊಮ್ಮೆ ಹತ್ತೋದೇ ಇಲ್ಲ. ಆಗ 0, 1, 3ಕ್ಕೆ ಹಚ್ಚು. ಮಿನುಗದೆ ಉಳಿದದ್ದೇ ಸ್ಲಾಟ್ 2. ಆಮೇಲೆ ಸ್ಟಾಪ್ ಲೊಕೇಟ್ ಕೊಡೋದು ಮರೀಬೇಡ.

ಕೊಪ್ಪಳ ಕಲ್ಲು
ಸೋಮವಾರ, ಬೆಳಗ್ಗೆ 11:31

ಅಣ್ಣಾವ್ರೇ, ಒಂದು ಮಾತು. ಇಂಪೋರ್ಟ್ ಮಾಡುವ ಮೊದಲು ನಾಲ್ಕೂ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿ ಡಿಡಿರೆಸ್ಕ್ಯೂನಲ್ಲಿ ನಕಲು ತೆಗೆಯೋದು ಸರಿಯಾದ ದಾರಿ ಅಲ್ವಾ? ಇಂಪೋರ್ಟ್ ಕೂಡ ಡಿಸ್ಕ್ ಮೇಲೆ ಬರೆಯುತ್ತೆ. ನಕಲು ಇದ್ದರೆ ಏನು ತಪ್ಪಿದರೂ ಮತ್ತೆ ಮೊದಲಿಂದ ಶುರು ಮಾಡಬಹುದು. ನಾನು ಎಂಡಿಎಡಿಎಂ ಸಾಫ್ಟ್‌ವೇರ್ ರೇಡ್‌ನಲ್ಲಿ ಯಾವತ್ತೂ ಹೀಗೇ ಮಾಡೋದು.

ಬಳ್ಳಾರಿ ಬಿಸಿಲು
ಸೋಮವಾರ, ಬೆಳಗ್ಗೆ 11:44

ನೀನು ಹೇಳೋದು ನೂರಕ್ಕೆ ನೂರು ಸರಿ. ಬ್ಯಾಕಪ್ ಒಂದೂ ಇಲ್ಲದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. 4 ಟಿಬಿ ಡಿಸ್ಕ್ ಪೂರ್ತಿ ಓದೋಕೆ ಸೆಕೆಂಡಿಗೆ 150 ಎಂಬಿ ಸಿಕ್ಕರೂ ಏಳೂವರೆ ಗಂಟೆ ಬೇಕು, ನಕಲು ಇಡೋಕೆ ಅಷ್ಟೇ ದೊಡ್ಡ ಡಿಸ್ಕ್‌ಗಳು ಬೇಕು. ಇಲ್ಲಿ 11 ದಿನದ ಹಿಂದಿನ ಬ್ಯಾಕಪ್ ಇದೆ, ಸ್ಲಾಟ್ 3 ತಾನಾಗಿ ಕೆಟ್ಟಿದ್ದಲ್ಲ. ಗಂಗಾವತಿ ತಮ್ಮಾ, ನಿರ್ಧಾರ ನಿನ್ನದೂ ನಿನ್ನ ಮಾಲೀಕರದೂ. ಅವರಿಗೆ ಎರಡನ್ನೂ ಬಿಡಿಸಿ ಹೇಳಿ ಕೇಳು. ಅಷ್ಟರಲ್ಲಿ ಉಳಿದ ಮೂರು ಡಿಸ್ಕ್ ಆರೋಗ್ಯ ನೋಡು. ಕಾರ್ಡ್ ಹಿಂದೆ ಇರುವ ಡಿಸ್ಕನ್ನು ಡಿಸ್ಕ್ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ನೇರವಾಗಿ ನೋಡಲ್ಲ, ಹೀಗೆ ಕೇಳಬೇಕು:

ಸ್ಮಾರ್ಟ್‌ಸಿಟಿಎಲ್ -ಎ -ಡಿ ಮೆಗಾರೇಡ್,ನಂಬರ್ /ಡೆವ್/ಎಸ್‌ಡಿಎ

ಆ ನಂಬರ್ ಸ್ಲಾಟ್ ನಂಬರ್ ಅಲ್ಲ. ಡಿಸ್ಕ್ ಪಟ್ಟಿಯಲ್ಲಿ ಡಿಐಡಿ ಅಂತ ಒಂದು ಕಾಲಮ್ ಇದೆ, ಅದು. ಜೊತೆಗೆ /ಸಿ0/ಇ252/ಎಸ್0 ಶೋ ಆಲ್ ಕೊಟ್ಟರೆ ಮೀಡಿಯಾ ಎರರ್ ಕೌಂಟ್ ಕಾಣುತ್ತೆ. 0, 1, 3 ಮೂರರಲ್ಲೂ ಅದು ಸೊನ್ನೆ ಇರಬೇಕು.

ಶಕ್ತಿನಗರ ಸರ್ವರ್
ಸೋಮವಾರ, ಮಧ್ಯಾಹ್ನ 12:20

ರಾಯಚೂರಿನಿಂದ ನಾನು. ಈ ಚರ್ಚೆ ಓದುವ ಬೇರೆಯವರಿಗೆ ಅಂತ ಬರೀತಿದ್ದೇನೆ. ಎಲ್ಲರ ಕಾರ್ಡೂ ಒಂದೇ ಅಲ್ಲ. ಎಲ್‌ಎಸ್‌ಐ ಕಾರ್ಡ್‌ಗಳಿಗೆ ಹಿಂದೆ ಮೆಗಾಸಿಎಲ್‌ಐ ಇತ್ತು. ಅದರಲ್ಲಿ -ಪಿಡಿಲಿಸ್ಟ್ -ಎಆಲ್ ಅಂತ ಬರೆಯುತ್ತಿದ್ದೆವು. ಎಲ್‌ಎಸ್‌ಐಯನ್ನು 2014ರಲ್ಲಿ ಅವಾಗೋ ಕೊಂಡಿತು, 2016ರಲ್ಲಿ ಅವಾಗೋ ಬ್ರಾಡ್‌ಕಾಮನ್ನು ಕೊಂಡು ಆ ಹೆಸರನ್ನೇ ಇಟ್ಟುಕೊಂಡಿತು. ಅದಕ್ಕೇ ಒಂದೇ ಟೂಲ್ ಮೂರು ಹೆಸರಿನಡಿ ಸಿಗುತ್ತೆ. ಡೆಲ್ ಸರ್ವರ್‌ನಲ್ಲಿ ಪರ್ಕ್‌ಸಿಎಲ್‌ಐ, ಬರೆಯುವ ರೀತಿ ಸ್ಟಾರ್‌ಸಿಎಲ್‌ಐ ಥರಾನೇ.

ಎಚ್‌ಪಿ ಯಂತ್ರದಲ್ಲಿ ಮಾತ್ರ ಭಾಷೆಯೇ ಬೇರೆ. ಈಗ ಎಸ್‌ಎಸ್‌ಎಸಿಎಲ್‌ಐ, ಮೊದಲು ಎಚ್‌ಪಿಎಸ್‌ಎಸ್‌ಎಸಿಎಲ್‌ಐ, ಅದಕ್ಕೂ ಮೊದಲು ಎಚ್‌ಪಿಎಸಿಯುಸಿಎಲ್‌ಐ.

ಎಸ್‌ಎಸ್‌ಎಸಿಎಲ್‌ಐ ಸಿಟಿಆರ್‌ಎಲ್ ಆಲ್ ಶೋ ಕಾನ್ಫಿಗ್
ಎಸ್‌ಎಸ್‌ಎಸಿಎಲ್‌ಐ ಸಿಟಿಆರ್‌ಎಲ್ ಸ್ಲಾಟ್=0 ಪಿಡಿ ಆಲ್ ಶೋ ಸ್ಟೇಟಸ್

ಇಲ್ಲಿ ಸ್ಲಾಟ್=0 ಅಂದರೆ ಡಿಸ್ಕ್ ಸ್ಲಾಟ್ ಅಲ್ಲ, ಕಾರ್ಡ್ ಕೂತಿರುವ ಜಾಗ. ನಮ್ಮ ಆಫೀಸಿಗೆ ಹೊಸದಾಗಿ ಬಂದವರೆಲ್ಲ ಇಲ್ಲೇ ಎಡವುತ್ತಾರೆ. ಅಡಾಪ್ಟೆಕ್ ಕಾರ್ಡ್‌ನ ಆರ್ಕ್‌ಕಾನ್ಫ್‌ನಲ್ಲಿ ಕಾರ್ಡ್‌ನ ಎಣಿಕೆ 1ರಿಂದ. ಆರ್ಕ್‌ಕಾನ್ಫ್ ಗೆಟ್‌ಕಾನ್ಫಿಗ್ 1. ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಒಂದು. ಎರಡು ಥರದ ಕಾರ್ಡ್ ಇರುವ ಕಡೆ ಕೆಲಸ ಮಾಡುವವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಗಂಗಾವತಿ ಕಣಜ
ಸೋಮವಾರ, ಮಧ್ಯಾಹ್ನ 1:35

ಸಾಹುಕಾರರ ಹತ್ತಿರ ಮಾತಾಡಿದೆ. ಇಂಪೋರ್ಟ್ ಮಾಡೋಣ ಅಂದರು. ತೂಕದ ಚೀಟಿಗಳ ಕಾರ್ಬನ್ ಪ್ರತಿ ಗುಮಾಸ್ತರ ಹತ್ತಿರ ಇದೆ, ಹೋದರೆ ಮತ್ತೆ ಬರೆದುಕೊಳ್ಳಬಹುದಂತೆ. 0, 1, 3 ಮೂರರಲ್ಲೂ ಮೀಡಿಯಾ ಎರರ್ ಸೊನ್ನೆ. ಸ್ಲಾಟ್ 2ರ ದೀಪ ಹತ್ತಲಿಲ್ಲ, ಉಳಿದ ಮೂರು ಹತ್ತಿದವು. ಸ್ಲಾಟ್ 2 ಹೊರಗೆ ತೆಗೆದು ಅಂಟು ಪಟ್ಟಿ ಹಾಕಿ ಬೀರುವಿನಲ್ಲಿಟ್ಟೆ. ಅದರ ಜಾಲರಿಯ ತುಂಬ ತೌಡಿನ ಧೂಳು ಬೆಣ್ಣೆಯ ಹಾಗೆ ಮೆತ್ತಿಕೊಂಡಿತ್ತು, ಬೆರಳಿಗೆ ಅಂಟುತ್ತಿತ್ತು.

ಬಳ್ಳಾರಿ ಬಿಸಿಲು
ಸೋಮವಾರ, ಮಧ್ಯಾಹ್ನ 1:50

ಸರಿ. ಈಗ ಹೀಗೆ ಮಾಡು.

ಸ್ಟಾರ್‌ಸಿಎಲ್‌ಐ64 /ಸಿ0/ಎಫ್ಆಲ್ ಶೋ ಆಲ್
ಸ್ಟಾರ್‌ಸಿಎಲ್‌ಐ64 /ಸಿ0/ಎಫ್ಆಲ್ ಇಂಪೋರ್ಟ್ ಪ್ರಿವ್ಯೂ

ಪ್ರಿವ್ಯೂ ಅನ್ನೋ ಪದ ಬಿಟ್ಟುಹೋದರೆ ನಿಜವಾಗಿ ಇಂಪೋರ್ಟ್ ಆಗಿಬಿಡುತ್ತೆ, ಎಂಟರ್ ಒತ್ತುವ ಮೊದಲು ಓದಿಕೊ. ಪ್ರಿವ್ಯೂನಲ್ಲಿ ರೇಡ್ 5 ಒಂದೇ ಕಾಣಬೇಕು, ಡಿಗ್ರೇಡೆಡ್ (ಒಂದು ಡಿಸ್ಕ್ ಕಡಿಮೆ ಇದ್ದರೂ ನಡೆಯುತ್ತಿದೆ) ಅಂತಿರಬೇಕು, ಒಳಗೆ 252:3 ಇರಬೇಕು. ಹಾಗಿದ್ದರೆ ಮಾತ್ರ:

ಸ್ಟಾರ್‌ಸಿಎಲ್‌ಐ64 /ಸಿ0/ಎಫ್ಆಲ್ ಇಂಪೋರ್ಟ್

ವಿ0 ಡಿಗ್ರೇಡೆಡ್ ಆದರೆ ಕೂಡಲೇ ಮಿಲ್ ಸಾಫ್ಟ್‌ವೇರ್ ಶುರು ಮಾಡಬೇಡ. ಓದೋಕೆ ಮಾತ್ರ ಮೌಂಟ್ ಮಾಡು. ಇಎಕ್ಸ್‌ಟಿ4 ಆದರೆ -ಒ ಆರ್‌ಒ ಅಷ್ಟೇ ಸಾಲದು, ಜರ್ನಲ್ ಆಗಲೂ ಬರೆಯುತ್ತೆ. -ಒ ಆರ್‌ಒ,ನೋಲೋಡ್ ಕೊಡು. ಡೇಟಾ ಪೂರ್ತಿ ಹೊರಗಿನ ಡಿಸ್ಕ್‌ಗೆ ತೆಗೆದುಕೊ. ಅದು ಮುಗಿದ ಮೇಲೆ ಅನ್‌ಮೌಂಟ್ ಮಾಡಿ ಎಫ್‌ಎಸ್‌ಸಿಕೆ -ಎನ್, ಏನು ತಪ್ಪಿದೆ ಅಂತ ನೋಡೋಕೆ. ಆಮೇಲೇ ರಿಪೇರಿ.

ಗಂಗಾವತಿ ಕಣಜ
ಸೋಮವಾರ, ಸಂಜೆ 6:15

ಅಣ್ಣಾ, ಬಂತು! ಪ್ರಿವ್ಯೂನಲ್ಲಿ ನೀವು ಹೇಳಿದ ಹಾಗೇ ಇತ್ತು. ಇಂಪೋರ್ಟ್ ಆಗಿ ವಿ0 ಡಿಗ್ರೇಡೆಡ್. ಫೋಲ್ಡರ್‌ಗಳೆಲ್ಲ ಕಂಡಾಗ ನನ್ನ ಕೈ ನಡುಗುತ್ತಿತ್ತು. ಈಗ ನಕಲಾಗುತ್ತಿದೆ. ಕೊನೆಯ ತೂಕದ ಫೈಲ್ ಶನಿವಾರ ರಾತ್ರಿ 8:40ಕ್ಕೆ ನಿಂತಿದೆ. ಕರೆಂಟ್ ಹೋಗಿದ್ದು 9 ಗಂಟೆ ಆದಮೇಲೆ. ನಡುವಿನ ಲೋಡುಗಳು ಎಲ್ಲಿ? ಆ ಹೊತ್ತಿಗೆ ಡಿಸ್ಕ್ ಚೆನ್ನಾಗಿಯೇ ಇತ್ತಲ್ವಾ?

ಬಳ್ಳಾರಿ ಬಿಸಿಲು
ಸೋಮವಾರ, ರಾತ್ರಿ 8:30

ಇದನ್ನೇ ಬೆಳಗ್ಗೆಯಿಂದ ಹೇಳಬೇಕು ಅಂತಿದ್ದೆ. ನೀನು ಬರೆದ ಆ ಐದು ಅಕ್ಷರದಲ್ಲಿ ಉತ್ತರ ಇದೆ.

ಆರ್ ಅಂದರೆ ಮುಂದಾಗಿ ಓದಿಡು. ಕೊನೆಯ ಡಿ ಅಂದರೆ ಡೈರೆಕ್ಟ್. ನಡುವಿನ ಎ, ಡಬ್ಲ್ಯೂ, ಬಿ ಅಂದರೆ ಆಲ್ವೇಸ್ ರೈಟ್ ಬ್ಯಾಕ್. ಅಲ್ಲಿ ಇರಬಹುದಾದ್ದು ಮೂರು. ಡಬ್ಲ್ಯೂಟಿ ಇದ್ದರೆ, ಡಿಸ್ಕ್ ಮೇಲೆ ಬಿದ್ದ ಮೇಲೇ ಕಾರ್ಡ್ 'ಬರೆದಾಯ್ತು' ಅನ್ನುತ್ತೆ. ಡಬ್ಲ್ಯೂಬಿ ಇದ್ದರೆ, ಕಾರ್ಡಿನ ಮೆಮೊರಿಗೆ ಬಂದ ಕೂಡಲೇ ಬರೆದಾಯ್ತು ಅಂದು, ಆಮೇಲೆ ಡಿಸ್ಕ್‌ಗೆ ಹಾಕುತ್ತೆ. ಆ ಮೆಮೊರಿಯನ್ನು ಕರೆಂಟ್ ಹೋದಾಗ ಕಾಯೋಕೆ ಕಾರ್ಡಿಗೊಂದು ಬ್ಯಾಟರಿ ಇರುತ್ತೆ. ಬ್ಯಾಟರಿ ಕೈಕೊಟ್ಟರೆ ಡಬ್ಲ್ಯೂಬಿ ತಾನೇ ಡಬ್ಲ್ಯೂಟಿಗೆ ಇಳಿಯುತ್ತೆ. ಎಡಬ್ಲ್ಯೂಬಿ ಮಾತ್ರ ಬ್ಯಾಟರಿ ಇರಲಿ, ಸಾಯಲಿ, ಕೇಳೋದೇ ಇಲ್ಲ. ಬರೆದಾಯ್ತು ಅಂತಲೇ ಹೇಳುತ್ತೆ.

ಇದನ್ನು ಹೊಡೆದು ನೋಡು:

ಸ್ಟಾರ್‌ಸಿಎಲ್‌ಐ64 /ಸಿ0/ಬಿಬಿಯು ಶೋ ಆಲ್

ಹೊಸ ಕಾರ್ಡ್ ಆದರೆ ಬಿಬಿಯು ಜಾಗದಲ್ಲಿ ಸಿವಿ. ಅದರಲ್ಲಿ ಬ್ಯಾಟರಿ ಬದಲು ಕೆಪಾಸಿಟರ್ ಇರುತ್ತೆ. ಕರೆಂಟ್ ಹೋದಾಗ ಮೆಮೊರಿಯಲ್ಲಿದ್ದನ್ನು ಫ್ಲಾಶ್ ಚಿಪ್‌ಗೆ ಇಳಿಸಿ ಮಲಗುತ್ತೆ.

ನನ್ನ ಊಹೆ ಏನಂದರೆ, ನಿನ್ನ ಬ್ಯಾಟರಿ ಯಾವಾಗಲೋ ಹೋಗಿದೆ. ಹೋದ ದಿನ ಸರ್ವರ್ ನಿಧಾನ ಆಗಿರುತ್ತೆ. ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ನಾಲ್ಕು ಕೆಲಸ: ಹಳೇ ಡೇಟಾ ಓದು, ಹಳೇ ಪ್ಯಾರಿಟಿ ಓದು, ಹೊಸ ಡೇಟಾ ಬರಿ, ಹೊಸ ಪ್ಯಾರಿಟಿ ಬರಿ. ಕ್ಯಾಶ್ ಇಲ್ಲದೆ ಇದು ಎಳೆದಾಡುತ್ತೆ. ವೇ ಬ್ರಿಜ್ ಮೇಲೆ ಟ್ರ್ಯಾಕ್ಟರ್ ನಿಂತಿರುತ್ತೆ, ಚೀಟಿ ಬರಲ್ಲ, ಎಲ್ಲರೂ ಬೈತಾರೆ. ಆಗ ಯಾರೋ ಬಂದು ಒಂದು ಕಮಾಂಡ್‌ನಲ್ಲಿ ಎಡಬ್ಲ್ಯೂಬಿ ಮಾಡಿ, ಫಾಸ್ಟ್ ಆಯ್ತು ನೋಡಿ ಅಂತ ಹೋಗಿರುತ್ತಾರೆ.

ನಮ್ಮ ಕಡೆ ಇದನ್ನು ಮಾಡಲೇಬಾರದು ಅಂತ ನಾನು ಇಷ್ಟು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಬಳ್ಳಾರಿ, ರಾಯಚೂರು ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತೆ. ಎಸಿ ಇಲ್ಲದ ಕೋಣೆಯಲ್ಲಿ, ಧೂಳು ತುಂಬಿದ ಪೆಟ್ಟಿಗೆಯೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಲಿಥಿಯಂ ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು. ಬ್ಯಾಟರಿ ಬೇಗ ಸಾಯೋದೂ ನಮ್ಮಲ್ಲೇ, ಕರೆಂಟ್ ಪಟ್ ಅಂತ ಹೋಗೋದೂ ನಮ್ಮಲ್ಲೇ. ಎರಡೂ ಇರುವ ಕಡೆ ಕಾಯುವವರಿಲ್ಲದ ಕ್ಯಾಶ್ ಇಟ್ಟುಕೊಂಡರೆ ರೈತ ತಂದ ಲೋಡಿನ ಲೆಕ್ಕ ಗಾಳಿಗೆ ಹೋಗುತ್ತೆ. ಅವನ ಬೆವರಿನ ಲೆಕ್ಕ ಅದು.

ಈಗಲೇ ಬದಲಿಸು:

ಸ್ಟಾರ್‌ಸಿಎಲ್‌ಐ64 /ಸಿ0/ವಿ0 ಸೆಟ್ ಡಬ್ಲ್ಯೂಆರ್‌ಕ್ಯಾಶ್=ಡಬ್ಲ್ಯೂಬಿ
ಸ್ಟಾರ್‌ಸಿಎಲ್‌ಐ64 /ಸಿ0/ವಿ0 ಸೆಟ್ ಪಿಡಿಕ್ಯಾಶ್=ಆಫ್

ಎರಡನೆಯದು ಯಾಕೆ ಅಂದರೆ, ಪ್ರತಿ ಡಿಸ್ಕ್ ಒಳಗೂ ತನ್ನದೇ ಸಣ್ಣ ಕ್ಯಾಶ್ ಇರುತ್ತೆ. ಕಾರ್ಡಿನ ಬ್ಯಾಟರಿ ಅದನ್ನು ಕಾಯಲ್ಲ. ನಿಧಾನ ಆಗುತ್ತೆ ಅಂತ ಸಾಹುಕಾರರಿಗೆ ಮೊದಲೇ ಹೇಳು. ಹೊಸ ಬ್ಯಾಟರಿ ಬಂದ ದಿನ ಡಬ್ಲ್ಯೂಬಿ ತಾನೇ ಮತ್ತೆ ಏರುತ್ತೆ.

ಶಕ್ತಿನಗರ ಸರ್ವರ್
ಸೋಮವಾರ, ರಾತ್ರಿ 8:55

ಎಚ್‌ಪಿಯಲ್ಲಿ ಇದೇ ಅಪಾಯದ ಹೆಸರು ಎನ್‌ಬಿಡಬ್ಲ್ಯೂಸಿ, ಬ್ಯಾಟರಿ ಇಲ್ಲದ ರೈಟ್ ಕ್ಯಾಶ್. ಎಸ್‌ಎಸ್‌ಎಸಿಎಲ್‌ಐ ಸಿಟಿಆರ್‌ಎಲ್ ಸ್ಲಾಟ್=0 ಶೋ ಕೊಟ್ಟು ನೋಡಿ, ಎನೇಬಲ್ ಅಂತಿದ್ದರೆ ಮಾಡಿಫೈ ಎನ್‌ಬಿಡಬ್ಲ್ಯೂಸಿ=ಡಿಸೇಬಲ್ ಮಾಡಿ. ಡಿಸ್ಕ್‌ನೊಳಗಿನ ಕ್ಯಾಶ್‌ಗೆ ಡಿಡಬ್ಲ್ಯೂಸಿ=ಡಿಸೇಬಲ್.

ಬಿಸಿಲು ಅಣ್ಣ ಹೇಳಿದ್ದಕ್ಕೆ ಇನ್ನೊಂದು. ಹಳೇ ಬ್ಯಾಟರಿಗಳು ಆಗಾಗ ತಾವೇ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿಕೊಂಡು ತಮ್ಮ ತಾಕತ್ತು ಅಳೆದುಕೊಳ್ಳುತ್ತವೆ. ಲರ್ನ್ ಸೈಕಲ್ ಅಂತಾರೆ. ಆ ಕೆಲವು ಗಂಟೆ ಸರ್ವರ್ ನಿಧಾನ ಆಗುತ್ತೆ. ಬ್ಯಾಟರಿ ಕೆಟ್ಟಿತು ಅಂತ ಅಂದುಕೊಳ್ಳಬೇಡಿ. ಕೆಲಸದ ಹೊತ್ತಲ್ಲಿ ಬೇಡ ಅಂದರೆ ಭಾನುವಾರ ರಾತ್ರಿ ನಾವೇ /ಸಿ0/ಬಿಬಿಯು ಸ್ಟಾರ್ಟ್ ಲರ್ನ್ ಕೊಟ್ಟು ಮುಗಿಸಿಕೊಳ್ಳಬಹುದು.

ಗಂಗಾವತಿ ಕಣಜ
ಮಂಗಳವಾರ, ಬೆಳಗ್ಗೆ 8:20

ಬಿಬಿಯು ಸ್ಟೇಟ್ ಫೇಲ್ಡ್. ಅಣ್ಣ ಊಹಿಸಿದ್ದೇ ನಿಜ. ಕಳೆದ ವರ್ಷ ನಿಧಾನ ಆಗಿತ್ತು, ಯಾರೋ ಬಂದು ಸರಿ ಮಾಡಿ ಹೋಗಿದ್ದರು ಅಂತ ಗುಮಾಸ್ತರು ನೆನಪಿಸಿಕೊಂಡರು. ನಕಲು ಮುಗಿಯಿತು, ಎಫ್‌ಎಸ್‌ಸಿಕೆಯಲ್ಲಿ ಸಣ್ಣಪುಟ್ಟದ್ದು ಸಿಕ್ಕಿ ಸರಿಯಾಯ್ತು. ಹೊಸ ಡಿಸ್ಕ್ ಬಂದಿದೆ. ಸ್ಲಾಟ್ 2ಕ್ಕೆ ಹಾಕಿದೆ. ಯುಗುಡ್ ಅಂತ ತೋರಿಸ್ತಿದೆ, ರೀಬಿಲ್ಡ್ (ಹೊಸ ಡಿಸ್ಕ್‌ಗೆ ಡೇಟಾ ಮತ್ತೆ ತುಂಬೋದು) ಶುರುವಾಗ್ತಿಲ್ಲ.

ಕೊಪ್ಪಳ ಕಲ್ಲು
ಮಂಗಳವಾರ, ಬೆಳಗ್ಗೆ 8:41

ಆಟೋರೀಬಿಲ್ಡ್ ಆಫ್ ಇರಬೇಕು. /ಸಿ0 ಶೋ ಆಟೋರೀಬಿಲ್ಡ್ ನೋಡಿ, ಆಫ್ ಇದ್ದರೆ ಆನ್ ಮಾಡಿ. ಆಮೇಲೆ ಆ ಡಿಸ್ಕನ್ನು ಹಾಟ್ ಸ್ಪೇರ್ (ಬದಲಿಗೆ ಸಿದ್ಧವಾಗಿ ಕಾಯುವ ಡಿಸ್ಕ್) ಮಾಡೋದು ಸುಲಭದ ದಾರಿ:

ಸ್ಟಾರ್‌ಸಿಎಲ್‌ಐ64 /ಸಿ0/ಇ252/ಎಸ್2 ಆಡ್ ಹಾಟ್‌ಸ್ಪೇರ್‌ಡ್ರೈವ್ ಡಿಜಿಎಸ್=0

ಆರೇಯಲ್ಲಿ (ಡಿಸ್ಕ್‌ಗಳ ಗುಂಪಿನಲ್ಲಿ) ಒಂದು ಡಿಸ್ಕ್ ಕಡಿಮೆ ಇರೋದರಿಂದ ಕಾರ್ಡ್ ಅದನ್ನು ತಾನೇ ಎತ್ತಿಕೊಳ್ಳುತ್ತೆ. ಕೈಯಾರೆ ಮಾಡಬೇಕಾದರೆ ಇನ್ಸರ್ಟ್ ಡಿಜಿ=0 ಆರೇ=0 ರೋ=2, ಆಮೇಲೆ ಸ್ಟಾರ್ಟ್ ರೀಬಿಲ್ಡ್. ರೋ ನಂಬರ್ ಸ್ಲಾಟ್ ನಂಬರಿಗೆ ಯಾವಾಗಲೂ ಹೊಂದಲ್ಲ. /ಸಿ0/ಡಿಆಲ್ ಶೋ ಕೊಟ್ಟರೆ ಖಾಲಿ ಇರುವ ಸಾಲು ಕಾಣುತ್ತೆ, ಅದನ್ನು ನೋಡಿಯೇ ಕೊಡಿ.

ಬಳ್ಳಾರಿ ಬಿಸಿಲು
ಮಂಗಳವಾರ, ಬೆಳಗ್ಗೆ 9:05

ಹಾಟ್ ಸ್ಪೇರ್ ದಾರಿಯೇ ಸಾಕು. ಸ್ಟಾರ್ಟ್ ಇನಿಟ್ ಅನ್ನೋದನ್ನು ರೀಬಿಲ್ಡ್ ಅಂತ ಭ್ರಮಿಸಿ ಹೊಡೆಯಬೇಡ. ಅದು ವಿ0 ಅನ್ನೇ ಒರೆಸುತ್ತೆ.

ವೇಗ ಎಷ್ಟು ಕೊಡಬೇಕು ಅಂತ ನೀನು ಕೇಳ್ತೀಯ. ಸುಮ್ನೆ ಬಿಟ್ಟರೆ ರೀಬಿಲ್ಡ್ ರೇಟ್ 30 ಇರುತ್ತೆ. ಹಗಲು ಹಾಗೇ ಇರಲಿ. ರಾತ್ರಿ ತೂಕ ನಿಂತ ಮೇಲೆ /ಸಿ0 ಸೆಟ್ ರೀಬಿಲ್ಡ್‌ರೇಟ್=60 ಮಾಡು, ಬೆಳಗ್ಗೆ ಮತ್ತೆ 30ಕ್ಕೆ ಇಳಿಸು. ಎಷ್ಟಾಯ್ತು ಅಂತ ನೋಡೋಕೆ /ಸಿ0/ಇ252/ಎಸ್2 ಶೋ ರೀಬಿಲ್ಡ್. ಕೋಣೆಯ ಬಾಗಿಲು ತೆಗೆದು ಒಂದು ಫ್ಯಾನ್ ಇಡು. ಉಳಿದ ಮೂರು ಡಿಸ್ಕ್ ಈ ಹೊತ್ತಲ್ಲಿ ಮೊದಲಿಂದ ಕೊನೆವರೆಗೆ ಓದಿಸಿಕೊಳ್ಳುತ್ತವೆ, ಜಾಸ್ತಿ ಬಿಸಿ ಆಗುತ್ತವೆ.

ಸಂಡೂರು ಧೂಳು
ಮಂಗಳವಾರ, ಬೆಳಗ್ಗೆ 9:30

ಅಣ್ಣ, ಈ ಓದಿಸಿಕೊಳ್ಳೋದೇ ನನಗೆ ಭಯ. ಸಾದಾ ಡಿಸ್ಕ್‌ಗಳ ಮೇಲೆ 10ರ 14ನೇ ಘಾತದಷ್ಟು ಬಿಟ್‌ಗೆ ಒಂದು ಓದಲಾಗದ ಜಾಗ ಬರಬಹುದು ಅಂತ ಕಂಪನಿಯವರೇ ಬರೆದಿರುತ್ತಾರೆ. ಅದು ಸುಮಾರು 12.5 ಟಿಬಿ. ಇಲ್ಲಿ ರೀಬಿಲ್ಡ್‌ಗೆ ಓದಬೇಕಾದ್ದು 12 ಟಿಬಿ. ಇಷ್ಟು ದೊಡ್ಡ ಡಿಸ್ಕ್‌ಗೆ ರೇಡ್ 5 ಇನ್ನು ಬೇಡ ಅನ್ನೋದು ನನ್ನ ಅಭಿಪ್ರಾಯ.

ಬಳ್ಳಾರಿ ಬಿಸಿಲು
ಮಂಗಳವಾರ, ಬೆಳಗ್ಗೆ 10:10

ಕಂಪನಿ ಬರೆಯೋದು ಕನಿಷ್ಠ ಭರವಸೆ, ಡಿಸ್ಕ್‌ಗಳು ಸಾಮಾನ್ಯವಾಗಿ ಅದಕ್ಕಿಂತ ಚೆನ್ನಾಗಿ ನಡೆಯುತ್ತವೆ. ಆದರೆ ನಿನ್ನ ಮಾತನ್ನು ನಾನು ಒಪ್ಪುತ್ತೇನೆ. ನಾಲ್ಕು ಡಿಸ್ಕ್ ಇದ್ದು ಲೆಕ್ಕಪತ್ರದ ಕೆಲಸ ಆದರೆ ರೇಡ್ 10 ಹಾಕಿ. ಜಾಗ 12ರಿಂದ 8 ಟಿಬಿಗೆ ಇಳಿಯುತ್ತೆ. ರೈಸ್ ಮಿಲ್ ಲೆಕ್ಕಕ್ಕೆ 8 ಎಷ್ಟೋ ಜಾಸ್ತಿ. ಸಣ್ಣ ಬರಹಕ್ಕೆ ನಾಲ್ಕರ ಬದಲು ಎರಡೇ ಕೆಲಸ. ರೀಬಿಲ್ಡ್‌ಗೆ ಹೋದ ಡಿಸ್ಕ್‌ನ ಜೊತೆಗಾರ ಡಿಸ್ಕ್ ಒಂದನ್ನು ಮಾತ್ರ ಓದಿದರೆ ಸಾಕು. ರೇಡ್ 6ರಲ್ಲೂ ಜಾಗ 8 ಟಿಬಿಯೇ, ಯಾವ ಎರಡು ಹೋದರೂ ತಡೆಯುತ್ತೆ, ಆದರೆ ಬರಹಕ್ಕೆ ಆರು ಕೆಲಸ.

ಗಂಗಾವತಿ ತಮ್ಮಾ, ಕೊಯ್ಲು ಮುಗಿದ ಮೇಲೆ, ಎರಡು ಕಡೆ ಬ್ಯಾಕಪ್ ಇಟ್ಟುಕೊಂಡು, ಹಳೇ ವಿ0 ತೆಗೆದು ಹೀಗೆ ಕಟ್ಟು:

ಸ್ಟಾರ್‌ಸಿಎಲ್‌ಐ64 /ಸಿ0 ಆಡ್ ವಿಡಿ ಟೈಪ್=ರೇಡ್10 ಡ್ರೈವ್ಸ್=252:0-3 ಪಿಡಿಪರ್‌ಆರೇ=2 ಡಬ್ಲ್ಯೂಬಿ ಆರ್‌ಎ ಡೈರೆಕ್ಟ್ ಸ್ಟ್ರಿಪ್=64

ಪಿಡಿಪರ್‌ಆರೇ=2 ಅಂದರೆ ಎರಡೆರಡು ಡಿಸ್ಕ್ ಜೋಡಿ. ಡಬ್ಲ್ಯೂಬಿ ಅಂತಲೇ ಬರಿ, ಮುಂದೆ ಎ ಹಾಕಬೇಡ. ಕಟ್ಟಿದ ದಿನವೇ /ಸಿ0 ಗೆಟ್ ಕಾನ್ಫಿಗ್ ಫೈಲ್= ಅಂತ ಹೆಸರು ಕೊಟ್ಟು ಸಂರಚನೆ ಉಳಿಸಿ, ಆ ಫೈಲನ್ನು ಬೇರೆ ಯಂತ್ರದಲ್ಲಿಡು.

ಇನ್ನು ಓದಲಾಗದ ಜಾಗಗಳನ್ನು ರೀಬಿಲ್ಡ್ ದಿನದವರೆಗೆ ಬಿಡಬಾರದು. ಪ್ಯಾಟ್ರೋಲ್ ರೀಡ್ ಅಂತ ಇದೆ. ಕಾರ್ಡ್ ಬಿಡುವಾದಾಗ ಡಿಸ್ಕ್‌ಗಳನ್ನು ಗಸ್ತು ತಿರುಗಿ ನೋಡುತ್ತೆ, ಸಾಮಾನ್ಯವಾಗಿ 168 ಗಂಟೆಗೊಮ್ಮೆ, ಅಂದರೆ ವಾರಕ್ಕೊಮ್ಮೆ. /ಸಿ0 ಶೋ ಪ್ಯಾಟ್ರೋಲ್‌ರೀಡ್ ಕೊಟ್ಟು ಆಟೋ ಇದೆಯಾ ನೋಡು. ಪ್ಯಾರಿಟಿ ತಾಳೆ ನೋಡೋಕೆ ತಿಂಗಳಿಗೊಮ್ಮೆ /ಸಿ0/ವಿ0 ಸ್ಟಾರ್ಟ್ ಸಿಸಿ.

ಕೌಲ್ ಬಜಾರ್ ಹೊಲಿಗೆ
ಮಂಗಳವಾರ, ಮಧ್ಯಾಹ್ನ 3:00

ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಕೆಲಸ ನನ್ನದು. ಇದನ್ನೆಲ್ಲ ಓದಿ ನಮ್ಮ ಸರ್ವರ್ ನೋಡಿದೆ. ನಮ್ಮದರಲ್ಲೂ ಎಡಬ್ಲ್ಯೂಬಿ! ಬ್ಯಾಟರಿ ಸದ್ಯ ಆಪ್ಟಿಮಲ್. ಡಬ್ಲ್ಯೂಬಿಗೆ ಬದಲಿಸಿದೆ. ದಿನಾ ಕೈಯಾರೆ ನೋಡೋಕೆ ಆಗಲ್ಲ, ದಾರಿ ಇದೆಯಾ ಅಕ್ಕ?

ಶಕ್ತಿನಗರ ಸರ್ವರ್
ಮಂಗಳವಾರ, ಸಂಜೆ 5:25

ಇದೆ. ಕಮಾಂಡ್ ಕೊನೆಗೆ ಒಂದು ಜೆ ಸೇರಿಸಿದರೆ ಜೇಸನ್‌ನಲ್ಲಿ ಉತ್ತರ ಬರುತ್ತೆ, ಸ್ಕ್ರಿಪ್ಟ್ ಸುಲಭವಾಗಿ ಓದುತ್ತೆ. ಜೊತೆಗೆ ನೋಲಾಗ್ ಹಾಕಿ, ಇಲ್ಲಾಂದರೆ ಪ್ರತಿ ಸಲವೂ ಲಾಗ್ ಫೈಲಿಗೆ ಬರೆದು ಗುಡ್ಡೆ ಹಾಕುತ್ತೆ. ಕ್ರಾನ್‌ನಲ್ಲಿ ಗಂಟೆಗೊಮ್ಮೆ ಓಡಿಸಿ ನಾನು ನೋಡೋದು ಮೂರೇ: ವಿಡಿ (ವಿ0 ಥರದ ದೊಡ್ಡ ಡಿಸ್ಕ್) ಆಪ್ಟಿಮಲ್ ಇದೆಯಾ, ಬ್ಯಾಟರಿ ಆಪ್ಟಿಮಲ್ ಇದೆಯಾ, ಮೀಡಿಯಾ ಎರರ್ ನಿನ್ನೆಗಿಂತ ಏರಿದೆಯಾ. ಒಂದು ತಪ್ಪಿದರೂ ಫೋನಿಗೆ ಮೆಸೇಜ್. /ಸಿ0 ಸೆಟ್ ಟೈಮ್=ಸಿಸ್ಟಮ್‌ಟೈಮ್ ಕೂಡ ಒಮ್ಮೆ ಕೊಡಿ. ಕಾರ್ಡಿನ ಗಡಿಯಾರ ಹಿಂದುಮುಂದಾಗಿದ್ದರೆ, ಗಂಗಾವತಿ ತಮ್ಮನಿಗೆ ದಾರಿ ತೋರಿಸಿದ 7:12, 8:05 ಅನ್ನುವ ಸಮಯವನ್ನೇ ನಂಬೋಕಾಗಲ್ಲ.

ಗಂಗಾವತಿ ಕಣಜ
ಗುರುವಾರ, ಬೆಳಗ್ಗೆ 7:50

ರೀಬಿಲ್ಡ್ ಮುಗಿಯಿತು. ವಿ0 ಆಪ್ಟಿಮಲ್. ಒಟ್ಟು 19 ಗಂಟೆ ಹಿಡಿಯಿತು. ಹೊಸ ಬ್ಯಾಟರಿಗೆ ಹೇಳಿದ್ದೇವೆ, ಅದು ಬರುವವರೆಗೆ ನಿಧಾನವೇ ಇರಲಿ ಅಂತ ಸಾಹುಕಾರರೂ ಒಪ್ಪಿದರು. ಶನಿವಾರ ರಾತ್ರಿಯ 14 ಲೋಡು ಕಳೆದಿದ್ದವು. ಗುಮಾಸ್ತರೂ ಆಫೀಸಿನ ಹುಡುಗನೂ ಕಾರ್ಬನ್ ಚೀಟಿ ಇಟ್ಟುಕೊಂಡು ಕೂತು ಒಂದೊಂದನ್ನೂ ಮತ್ತೆ ಹಾಕಿದರು. ಒಂದು ಚೀಟಿ ಮಳೆಗೆ ನೆಂದು ಓದಲು ಬರಲಿಲ್ಲ. ಆ ರೈತರಿಗೆ ಫೋನ್ ಮಾಡಿದರೆ ಅವರ ಪ್ರತಿ ಮನೆಯಲ್ಲಿ ಭದ್ರವಾಗಿತ್ತು, ಫೋಟೋ ತೆಗೆದು ಕಳಿಸಿದರು.

ಡಿಸ್ಕ್ ಟ್ರೇಗಳ ಮೇಲೆ 0, 1, 2, 3 ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ. ಬರೆದಿದ್ದು ಆ ಹುಡುಗನೇ. ಲೊಕೇಟ್ ದೀಪ ಹಚ್ಚಿ ಹಚ್ಚಿ ಒಂದೊಂದನ್ನೂ ತಾಳೆ ನೋಡಿದ.

ಬಿಸಿಲು ಅಣ್ಣ, ಶಕ್ತಿನಗರ ಅಕ್ಕ, ಸಂಡೂರು, ಕೊಪ್ಪಳದವರಿಗೆ ನಮಸ್ಕಾರ. ಬೀರುವಿನಲ್ಲಿರುವ ಹಳೇ ಸ್ಲಾಟ್ 2 ಡಿಸ್ಕನ್ನು ಏನು ಮಾಡಲಿ?

ಬಳ್ಳಾರಿ ಬಿಸಿಲು
ಗುರುವಾರ, ಬೆಳಗ್ಗೆ 8:15

ವಾರಂಟಿ ಇದೆಯಾ ಸೀರಿಯಲ್ ನಂಬರ್ ಹಾಕಿ ನೋಡು. ಆದರೆ ರೈತರ ಲೆಕ್ಕ ಅದರಲ್ಲಿದೆ, ಹಾಗೇ ಕೊಡಬೇಡ. ಬೇರೆ ಯಂತ್ರಕ್ಕೆ ಹಾಕಿ ಪೂರ್ತಿ ಸೊನ್ನೆ ಬರೆಸಿ ಆಮೇಲೆ ಕಳಿಸು. ಬರೆಯೋಕೇ ಆಗದಷ್ಟು ಕೆಟ್ಟಿದ್ದರೆ ವಾರಂಟಿ ಆಸೆ ಬಿಟ್ಟು, ತಟ್ಟೆ ತೂತು ಮಾಡಿಸು. ಮತ್ತೆ ಈ ಸರ್ವರ್‌ಗೆ ಮಾತ್ರ ಹಾಕಬೇಡ, ಕಾರ್ಡ್ ಮತ್ತೆ ಫಾರಿನ್ ಅನ್ನುತ್ತೆ.